ವೈದ್ಯವಿದ್ಯೆಯ ಇನ್ನೊಂದು ಹಾದಿ: ಆರೋಗ್ಯ ಸಂಶೋಧನೆ ಮತ್ತು ಅದರ ಶಿಷ್ಯವೇತನಗಳು

ಕಾಲೇಜುಗಳ ಪ್ರವೇಶದ ದಿನಗಳು ಬಂದವೆಂದರೆ ಭಕ್ತರನೇಕರು ನಮ್ಮ ಬಳಿ ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತಾರೆ. "ಡಾಕ್ಟರೇ, ಮಗಳಿಗೆ ಬಿಎಎಂಎಸ್ ಸೀಟು ಸಿಕ್ಕಿದೆ, ಮುಂದೆ ಏನು ಗತಿ?" ಈ ಪ್ರಶ್ನೆಗೆ ನಮ್ಮ ಸಮಾಜದಲ್ಲಿ ಎರಡೇ ಉತ್ತರಗಳು ಚಾಲ್ತಿಯಲ್ಲಿವೆ. ಊರಿನಲ್ಲಿ ದವಾಖಾನೆ ತೆರೆಯುವುದು ಒಂದು. ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯೆಯಾಗಿ ಸೇರುವುದು ಇನ್ನೊಂದು. ಮೂರನೆಯ ಉತ್ತರವೊಂದಿದೆ ಎಂಬುದು ತಂದೆತಾಯಂದಿರಿಗೆ ಗೊತ್ತಿಲ್ಲ; ಎಷ್ಟೋ ಬಾರಿ ಮಗಳಿಗೂ ಗೊತ್ತಿರುವುದಿಲ್ಲ. ಅದು ಸಂಶೋಧನೆಯ ಹಾದಿ. ಆ ಹಾದಿಯಲ್ಲಿ ನಡೆಯುವವರಿಗೆ ಸರ್ಕಾರವೇ ತಿಂಗಳು ತಿಂಗಳು ಹಣ ಕೊಡುತ್ತದೆ. ಆದರೆ ಅದರ ಕೆಲವು ಬಾಗಿಲುಗಳು ಓದುತ್ತಿರುವಾಗ ಮಾತ್ರ ತೆರೆದಿರುತ್ತವೆ. ಪದವಿ ಕೈಗೆ ಬಂದ ದಿನ ಮುಚ್ಚಿಹೋಗುತ್ತವೆ. ಆದ್ದರಿಂದ ಈ ಸಂಚಿಕೆಯಲ್ಲಿ ರೋಗ, ಪಥ್ಯಗಳ ಮಾತನ್ನು ಬದಿಗಿರಿಸಿ ಈ ವಿಷಯವನ್ನು ಭಕ್ತರ ಮುಂದಿಡುತ್ತಿದ್ದೇವೆ.

ಸಂಶೋಧನೆ ಎಂದೊಡನೆ ನಮ್ಮ ಜನ ಅದು ದೂರದ ಅಮೆರಿಕೆಯಲ್ಲಿ, ಬಿಳಿ ಕೋಟು ತೊಟ್ಟವರು ಗಾಜಿನ ನಳಿಕೆಗಳ ನಡುವೆ ಮಾಡುವ ಕೆಲಸವೆಂದು ಭಾವಿಸುತ್ತಾರೆ. ನಮ್ಮ ಮಲೆನಾಡಿನ ಒಂದು ಉದಾಹರಣೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು; ಕಾಡಿಗೆ ಹೋಗಿ ಬಂದ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗಾಣುವನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದನ್ನು ಕಂಡುಹಿಡಿದರು. ಆ ಕೇಂದ್ರ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ಮತ್ತು ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನಗಳ ಹಣದಿಂದ ಸ್ಥಾಪಿತವಾಗಿತ್ತು. ಯಾರೋ ಮೊದಲೇ ಹಣ ತೆಗೆದಿರಿಸಿದ್ದರಿಂದ, ಯಾರೋ ಮೊದಲೇ ಆ ವಿದ್ಯೆಯನ್ನು ಕಲಿತಿದ್ದರಿಂದ ಮಂಗನ ಕಾಯಿಲೆಗೆ ಒಂದು ಹೆಸರು, ಒಂದು ಕಾರಣ ದೊರೆಯಿತು. ಅದಕ್ಕೆ ಬಳಕೆಯಲ್ಲಿದ್ದ ಹಳೆಯ ಲಸಿಕೆ ಈಗ ನಿಂತಿದೆ. ಹೊಸದನ್ನು ಸಿದ್ಧಪಡಿಸುವ ಕೆಲಸ ನಡೆದಿದೆ. ಆ ಕೆಲಸಕ್ಕೆ ವಿಜ್ಞಾನಿಗಳಷ್ಟೇ ಸಾಲದು. ಕಾಡಂಚಿನ ಮನೆಮನೆಗೆ ಹೋಗಿ ಜ್ವರದ ಲೆಕ್ಕ ಬರೆಯುವವರು ಬೇಕು, ರಕ್ತದ ಮಾದರಿ ತೆಗೆಯುವವರು ಬೇಕು, ಉಣುಗು ಹಿಡಿದು ಗುರುತಿಸುವವರು ಬೇಕು, ಅಂಕಿಸಂಖ್ಯೆ ಬಲ್ಲವರು ಬೇಕು, ಜನರಿಗೆ ಕನ್ನಡದಲ್ಲಿ ತಿಳಿಹೇಳುವವರು ಬೇಕು.

ಇನ್ನು ಆಯುರ್ವೇದದವರು. ನಮ್ಮವರಲ್ಲೇ ಕೆಲವರು "ಋಷಿಗಳು ಹೇಳಿದ್ದನ್ನು ಪರೀಕ್ಷಿಸಲು ನಾವಾರು?" ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಚರಕಾಚಾರ್ಯರೇ ಪ್ರತ್ಯಕ್ಷ, ಅನುಮಾನ, ಆಪ್ತೋಪದೇಶಗಳ ಜೊತೆಗೆ ಯುಕ್ತಿಯನ್ನೂ ಪರೀಕ್ಷೆಯ ಸಾಧನವೆಂದು ಹೇಳಿದ್ದಾರೆ. ಪರೀಕ್ಷೆಗೆ ಅಂಜುವ ಔಷಧಿಯನ್ನು ರೋಗಿಗೆ ಕೊಡುವುದು ಹೇಗೆ?

ಈ ಸಂದರ್ಭದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರನ್ನು ಪ್ರತಿ ಮನೆಯ ಮಕ್ಕಳೂ ತಿಳಿದಿರಬೇಕೆಂದು ನಮಗೆ ಅನಿಸುತ್ತದೆ. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯಕೀಯ ಓದಿದರು. ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ವ್ಯಾಧಿಯಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಹೋದರು. ಮುಂದೆ ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾ ಶಾಸ್ತ್ರದ ಉಪನ್ಯಾಸಕರಾಗಿದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 1920ರ ದಶಕದ ಆರಂಭದಲ್ಲಿ ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವು ಮತ್ತು ಮಾವನವರ ಹಣದ ಆಸರೆಯಿಂದ ಅವರು ಹಾರ್ವರ್ಡ್‌ಗೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಕೂಲಿಯಾಳಿನ ಕೆಲಸ ಮಾಡಿದರು. ಹಗಲಿನಲ್ಲಿ ಸೈರಸ್ ಫಿಸ್ಕೆ ಅವರೊಡನೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ದೇಹದ ಶಕ್ತಿಯ ನಾಣ್ಯವೆನ್ನಬಹುದಾದ ಎಟಿಪಿಯನ್ನು ಗುರುತಿಸಿದರು. ಆಮೇಲೆ ಅವರು ಮುನ್ನಡೆಸಿದ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದು ಅವರ ಸೋದರರನ್ನು ಕೊಂದ ಸ್ಪ್ರೂ ರೋಗಕ್ಕೂ ಮದ್ದಾಯಿತು. ಆನೆಕಾಲು ರೋಗಕ್ಕೆ ಡಿಇಸಿ ಮಾತ್ರೆಯೂ ಅದೇ ತಂಡದಿಂದ ಬಂತು. ಇಂದು ಕಲಬುರಗಿ, ಯಾದಗಿರಿ ಕಡೆ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದು, ಎದುರು ನಿಂತು ನುಂಗಿಸುವ ಮಾತ್ರೆಗಳಲ್ಲಿ ಅದೂ ಒಂದು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಕಬ್ಬಿಣದೊಡನೆ ಸಿಗುವುದು ಫೋಲಿಕ್ ಆಮ್ಲವೇ. ಕಾಕಿನಾಡದ ಆ ಧರ್ಮಸಂಸ್ಥೆಯವರು ತಾವು ಕೊಟ್ಟ ಹಣ ನಮ್ಮ ಹಳ್ಳಿಗಳವರೆಗೆ ಬಂದು ತಲುಪೀತೆಂದು ಎಣಿಸಿರಲಾರರು.

ಸುಬ್ಬರಾವ್ ಅವರ ಕಾಲದಲ್ಲಿ ಧರ್ಮಸಂಸ್ಥೆ ಮತ್ತು ಮಾವನವರು ಮಾಡಿದ ಕೆಲಸವನ್ನು ಇಂದು ಬಹುಮಟ್ಟಿಗೆ ಸರ್ಕಾರ ಮಾಡುತ್ತಿದೆ. ಬಿಎಎಂಎಸ್ ಓದುತ್ತಿರುವ ಮಕ್ಕಳಿಗೆ ಕೇಂದ್ರೀಯ ಆಯುರ್ವೇದ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಸಿಸಿಆರ್‌ಎಎಸ್, 2022ರಿಂದ 'ಸ್ಪಾರ್ಕ್' ಎಂಬ ಯೋಜನೆಯನ್ನು ನಡೆಸುತ್ತಿದೆ. ವಿದ್ಯಾರ್ಥಿ ತನ್ನದೇ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ಒಂದು ಸಣ್ಣ ಅಧ್ಯಯನ ಮಾಡಬೇಕು. ತಿಂಗಳಿಗೆ 25,000ದಂತೆ ಒಟ್ಟು 50,000 ರೂಪಾಯಿ ಸಿಗುತ್ತದೆ. ಎಂಡಿ ಓದುವವರ ಪ್ರಬಂಧಕ್ಕೆ ಇದೇ ಪರಿಷತ್ತಿನ 'ಪಿಜಿ ಸ್ಟಾರ್' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯ ನೆರವಿದೆ. ಎಂಬಿಬಿಎಸ್ ಮತ್ತು ದಂತವೈದ್ಯಕೀಯದ ಮಕ್ಕಳಿಗೆ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನ 1979ರಿಂದಲೂ ಇದೆ. ಅಲ್ಲಿ ವರದಿ ಒಪ್ಪಿತವಾದ ಮೇಲಷ್ಟೇ ಹಣ, ಪ್ರಮಾಣಪತ್ರ. ವೈದ್ಯಕೀಯ ಸೀಟು ಸಿಗದೆ ಬಿಎಸ್‌ಸಿ ಸೇರಿದ ಮಕ್ಕಳು ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿರುವುದನ್ನು ನಾವು ನೋಡಿದ್ದೇವೆ. ಪಿಯುಸಿಯಲ್ಲಿ ರಾಜ್ಯ ಮಂಡಳಿಯ ಮೇಲಿನ ಶೇಕಡಾ ಒಂದರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ 'ಇನ್‌ಸ್ಪೈರ್' ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯವರೆಗೆ ದೊರೆಯುತ್ತದೆ. ಆರೋಗ್ಯ ಸಂಶೋಧನೆಯ ಪ್ರಯೋಗಶಾಲೆಗಳಲ್ಲಿ ಹೆಚ್ಚಿನವರು ಇಂಥ ಬಿಎಸ್‌ಸಿ, ಎಂಎಸ್‌ಸಿ ಓದಿ ಬಂದವರೇ.

ಈ ಎರಡು ತಿಂಗಳ ಯೋಜನೆಗಳನ್ನು ಮಕ್ಕಳು ಕಳೆದುಕೊಳ್ಳುವುದು ಬುದ್ಧಿಯ ಕೊರತೆಯಿಂದಲ್ಲ, ಪ್ರಶ್ನೆಯನ್ನು ಅತಿ ದೊಡ್ಡದಾಗಿ ಕೇಳುವುದರಿಂದ. ವಿದ್ಯಾರ್ಥಿನಿಯೊಬ್ಬಳು ನಮಗೆ ತೋರಿಸಿದ ಮೊದಲ ಪ್ರಸ್ತಾವನೆಯ ಶೀರ್ಷಿಕೆ 'ಮಧುಮೇಹಕ್ಕೆ ಆಯುರ್ವೇದದಲ್ಲಿ ಸಂಪೂರ್ಣ ಪರಿಹಾರ' ಎಂದಿತ್ತು. ಎರಡು ತಿಂಗಳು, ಒಬ್ಬಳೇ ಹುಡುಗಿ, ಇಂಥ ಕೆಲಸ ಆಗುವುದೆಂತು? "ಹೊರರೋಗಿ ವಿಭಾಗದಲ್ಲಿ ಕೂತಾಗ ನಿನಗೆ ಏನು ಕಾಣುತ್ತದೆಯಮ್ಮಾ?" ಎಂದು ಕೇಳಿದೆವು. ಆಕೆ ತಕ್ಷಣ ಹೇಳಿದಳು: "ಸಕ್ಕರೆ ಕಾಯಿಲೆಯವರು ಹಾಗಲಕಾಯಿ ರಸ, ಮೆಂತ್ಯದ ನೀರು, ಅಮೃತಬಳ್ಳಿ ಕಷಾಯ ಕುಡೀತಾರೆ ಸರ್. ಅದರ ಜೊತೆ ಇಂಗ್ಲಿಷ್ ಮಾತ್ರೆಯನ್ನೂ ನುಂಗ್ತಾರೆ. ಅದನ್ನು ಆ ಡಾಕ್ಟರಿಗೂ ಹೇಳೋದಿಲ್ಲ, ನಮಗೂ ಹೇಳೋದಿಲ್ಲ."

ಪ್ರಶ್ನೆ ಅಲ್ಲಿಯೇ ಇತ್ತು. ನಿಗದಿತ ಆರು ವಾರಗಳಲ್ಲಿ ಆ ಆಸ್ಪತ್ರೆಗೆ ಬರುವ ಮಧುಮೇಹಿಗಳಲ್ಲಿ ಎಷ್ಟು ಜನ ಎರಡನ್ನೂ ಸೇವಿಸುತ್ತಾರೆ? ಅವರಲ್ಲಿ ಎಷ್ಟು ಜನ ವೈದ್ಯರಿಗೆ ತಿಳಿಸಿದ್ದಾರೆ? ತಿಳಿಸದವರು ಹೇಳದಿರಲು ಕಾರಣವೇನು? ಕೈ ನಡುಕ, ಬೆವರು, ತಲೆಸುತ್ತು, ವಿಪರೀತ ಹಸಿವು ಮುಂತಾದ ಸಕ್ಕರೆ ಇಳಿದ ಲಕ್ಷಣಗಳು ಎಷ್ಟು ಜನರಿಗೆ ಆಗಿವೆ? ಇದಕ್ಕೆ ಯಂತ್ರ ಬೇಡ, ಪ್ರಯೋಗಶಾಲೆ ಬೇಡ. ಕನ್ನಡದಲ್ಲಿ ಬರೆದ ಒಂದು ಪ್ರಶ್ನಾವಳಿ, ರೋಗಿಯ ಒಪ್ಪಿಗೆ ಪತ್ರ, ತಾಳ್ಮೆಯಿಂದ ಕೇಳುವ ಕಿವಿ ಸಾಕು. ಬಂದ ಉತ್ತರ ಮಾತ್ರ ನಾಳೆಯೇ ಉಪಯೋಗಕ್ಕೆ ಬರುವಂಥದು. ಏಕೆಂದರೆ ಮಾತ್ರೆ ಮತ್ತು ಮನೆಮದ್ದು ಎರಡೂ ಕೂಡಿದಾಗ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. (ಓದುಗರಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ದಯವಿಟ್ಟು ನಿಮ್ಮ ವೈದ್ಯರಿಗೆ ಇಂದೇ ತಿಳಿಸಿರಿ.)

ಆಕೆಯ ಪ್ರಸ್ತಾವನೆ ಮೊದಲ ವರ್ಷ ಹೋಗಲೇ ಇಲ್ಲ. ಕಾಲೇಜಿನ ನೈತಿಕ ಸಮಿತಿಯ ಸಭೆ ಮುಂದಕ್ಕೆ ಹೋಗಿ ಅನುಮತಿ ಪತ್ರ ತಡವಾಯಿತು. ಅಷ್ಟರಲ್ಲಿ ಕೊನೆಯ ದಿನ ಕಳೆಯಿತು. ಮರುವರ್ಷ ಮೂರು ತಿಂಗಳು ಮೊದಲೇ ಅರ್ಜಿ ಸಮಿತಿಗೆ ಕೊಟ್ಟಳು, ಆಯ್ಕೆಯಾದಳು. ಅದು ಅಂತಿಮ ವರ್ಷದ ಮಾತಾಗಿದ್ದರೆ ಎರಡನೆಯ ಅವಕಾಶವೇ ಇರುತ್ತಿರಲಿಲ್ಲ. ಮನುಷ್ಯರ ಮೇಲೆ ನಡೆಯುವ ಯಾವ ಅಧ್ಯಯನಕ್ಕೂ, ಬರಿಯ ಪ್ರಶ್ನೆ ಕೇಳುವುದಕ್ಕೂ, ಈ ಸಮಿತಿಯ ಅನುಮತಿ ಬೇಕು. ಔಷಧಿ ಕೊಟ್ಟು ನೋಡುವ ಅಧ್ಯಯನವಾದರೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ದೇಶದ ಕ್ಲಿನಿಕಲ್ ಟ್ರಯಲ್ ದಾಖಲಾತಿಯಲ್ಲಿ ನೋಂದಾಯಿಸಬೇಕು. ವಿದ್ಯಾರ್ಥಿಗಳು ಇದನ್ನೊಂದು ಕಿರಿಕಿರಿಯೆಂದು ಬಗೆಯುತ್ತಾರೆ. ತನ್ನ ತಾಯಿಯೇ ಆ ರೋಗಿಯಾಗಿದ್ದರೆ ಏನನ್ನು ಬಯಸುತ್ತಿದ್ದರೆಂದು ಯೋಚಿಸಿದರೆ ಆ ಬೇಸರ ಉಳಿಯದು.

ಪದವಿಯ ನಂತರದ ದಾರಿಯಲ್ಲಿ ತಂದೆಯವರ ಆಕ್ಷೇಪ ಎದುರಾಗುತ್ತದೆ: "ಇನ್ನೂ ಓದೋದೇ ಆಯಿತಲ್ಲ, ಗಳಿಸೋದು ಯಾವಾಗ?" ಇದು ಹಗುರವಾದ ಪ್ರಶ್ನೆಯಲ್ಲ, ಸಾಲ ಮಾಡಿ ಓದಿಸಿದ ಮನೆಗಳಲ್ಲಂತೂ ಅಲ್ಲ. ಉತ್ತರ ಹೀಗಿದೆ. ಸ್ನಾತಕೋತ್ತರ ಪದವಿಯ ಬಳಿಕ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರಾಗಿ, ಅಂದರೆ ಜೆಆರ್‌ಎಫ್ ಆಗಿ, ಆಯ್ಕೆಯಾದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ. ಮನೆಬಾಡಿಗೆ ಭತ್ಯೆ ಬೇರೆ. ನಮ್ಮ ಕಡೆಯ ಪಟ್ಟಣಗಳಲ್ಲಿ ರಾತ್ರಿ ಪಾಳಿ ಮಾಡುವ ಹೊಸ ಪದವೀಧರರ ಕೈಗೆ ಇದರ ಅರ್ಧ ಬಂದರೆ ಹೆಚ್ಚು. ಜೀವವಿಜ್ಞಾನದವರಿಗೆ ಸಿಎಸ್‌ಐಆರ್ ಮತ್ತು ಐಸಿಎಂಆರ್ ಪರೀಕ್ಷೆಗಳಿವೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ 2024ರ ಡಿಸೆಂಬರ್ ಸುತ್ತಿನಿಂದ 'ಆಯುರ್ವೇದ ಜೀವವಿಜ್ಞಾನ' ಎಂಬ ಹೊಸ ವಿಷಯವೇ ಸೇರಿದೆ. ನಮ್ಮ ಕಾಲದಲ್ಲಿ ಇಂಥದೊಂದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಿಎಎಂಎಸ್ ಮುಗಿಸಿದವರು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೂ ಹೋಗಬಹುದು. ಸಾಂಕ್ರಾಮಿಕ ರೋಗಗಳ, ಪೌಷ್ಟಿಕತೆಯ ಸಮೀಕ್ಷೆಗಳಲ್ಲಿ ಅವರಿಗೆ ಕೆಲಸವಿದೆ.

ಈ ಕೆಲಸಕ್ಕೆ ದೆಹಲಿಗೇ ಹೋಗಬೇಕೆಂದಿಲ್ಲ. ಬೆಳಗಾವಿಯ ನೆಹರು ನಗರದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ಔಷಧೀಯ ಸಸ್ಯಗಳ ಅಧ್ಯಯನ ಅಲ್ಲಿನ ಮುಖ್ಯ ಕಾರ್ಯಗಳಲ್ಲೊಂದು. ಬೆಂಗಳೂರಿನಲ್ಲಿ ಸಿಸಿಆರ್‌ಎಎಸ್‌ನ ಕೇಂದ್ರೀಯ ಆಯುರ್ವೇದ ಸಂಶೋಧನಾ ಸಂಸ್ಥೆ ಇದೆ. ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದಗಳನ್ನು ಆಧುನಿಕ ವೈದ್ಯದೊಡನೆ ಅಭ್ಯಸಿಸುವ ವಿಭಾಗವಿದೆ. ಯಲಹಂಕದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಆಯುರ್ವೇದ ಮತ್ತು ಜೀವವಿಜ್ಞಾನಗಳನ್ನು ಒಟ್ಟಿಗೆ ಕಲಿಸುತ್ತದೆ. ಇಂಥ ಸಂಸ್ಥೆಗಳ ಯೋಜನೆಗಳಲ್ಲಿ ಪ್ರಯೋಗಶಾಲಾ ತಂತ್ರಜ್ಞರು, ನರ್ಸಿಂಗ್ ಓದಿದವರು, ಕ್ಷೇತ್ರ ಕಾರ್ಯಕರ್ತರು, ಗಣಕ ಬಲ್ಲವರು ಎಲ್ಲರಿಗೂ ಹುದ್ದೆಗಳು ಬರುತ್ತವೆ. ಮದುವೆ, ಹೆರಿಗೆಗಳ ಕಾರಣ ಕೆಲಸ ಬಿಟ್ಟ ಮಹಿಳೆಯರು ಮರಳಿ ವಿಜ್ಞಾನಕ್ಕೆ ಬರಲೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 'ವೈಸ್ ಕಿರಣ್' ಎಂಬ ಯೋಜನೆಯನ್ನು ಇಟ್ಟಿದೆ. ಸೊಸೆ ಓದಿದವಳಾಗಿದ್ದರೆ ಅತ್ತೆ ಮಾವಂದಿರು ಈ ಸಾಲನ್ನು ಎರಡು ಸಲ ಓದಲಿ.

ಕಹಿಯನ್ನೂ ಹೇಳಬೇಕು, ಬರಿಯ ಸಿಹಿ ಹೇಳಿ ಕಳಿಸುವುದು ವೈದ್ಯಧರ್ಮವಲ್ಲ. ಯೋಜನೆಯ ಹುದ್ದೆಗಳು ಬಹುಪಾಲು ಗುತ್ತಿಗೆಯವು. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ಶಿಷ್ಯವೇತನ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಆ ಕಾಲಕ್ಕೆ ಮನೆಯ ಆಸರೆ ಬೇಕು. ಪಿಎಚ್‌ಡಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಹಿಡಿಯುತ್ತದೆ, ಮುಗಿಸಿದವರೆಲ್ಲರಿಗೂ ಕಾಯಂ ಕೆಲಸ ಸಿಗುವುದಿಲ್ಲ. ಜೆಆರ್‌ಎಫ್‌ಗೆ ವಯೋಮಿತಿ ಇದೆ. "ಎರಡು ವರ್ಷ ದವಾಖಾನೆ ನಡೆಸಲಿ, ಆಮೇಲೆ ನೋಡೋಣ" ಎನ್ನುವ ಮನೆಗಳಲ್ಲಿ ಆ ಎರಡು ವರ್ಷ ನಾಲ್ಕಾಗಿ, ಬಾಗಿಲು ಮುಚ್ಚಿದ ಮೇಲೆ ನೆನಪಾಗುತ್ತದೆ. ರೋಗಿಯ ಕೈ ಹಿಡಿದು ನಾಡಿ ನೋಡುವುದರಲ್ಲೇ ಸುಖ ಕಾಣುವ ಮಕ್ಕಳನ್ನು ಈ ಕಡೆ ಎಳೆಯುವುದೂ ಬೇಡ. ಪ್ರತಿ ಮಾತಿಗೂ "ಯಾಕೆ?" ಎಂದು ಕೇಳಿ ಮನೆಯವರನ್ನು ದಣಿಸುವ ಮಗು ಇದ್ದರೆ, ಅದಕ್ಕೆ ಈ ದಾರಿ ಹೊಂದುತ್ತದೆ.

ಮೋಸಗಾರರೂ ಇದ್ದಾರೆ. "ಹತ್ತು ಸಾವಿರ ಕೊಡಿ, ವಾರದಲ್ಲಿ ನಿಮ್ಮ ಲೇಖನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರುತ್ತದೆ" ಎನ್ನುವವರಿಂದ ದೂರವಿರಬೇಕು. ಅಂಥ ಪ್ರಕಟಣೆಗೆ ಆಯ್ಕೆ ಸಮಿತಿಗಳಲ್ಲಿ ಬೆಲೆಯಿಲ್ಲ, ಮುಂದೆ ಅದೇ ಕಳಂಕವಾಗಬಹುದು. ಪರೀಕ್ಷಾ ಶುಲ್ಕದ ಹೊರತು ಸರ್ಕಾರದ ಶಿಷ್ಯವೇತನಕ್ಕೆ ಯಾರಿಗೂ ಹಣ ಕೊಡಬೇಕಿಲ್ಲ. ಮಧ್ಯವರ್ತಿ ಬಂದನೆಂದರೆ ಅದು ಮೋಸವೆಂದೇ ತಿಳಿಯಬೇಕು.

ಈ ವರ್ಷ ಬಿಎಎಂಎಸ್ ಎರಡನೆಯ ಹಂತದಲ್ಲಿರುವವರು ಈಗಲೇ ಮಾಡಬಹುದಾದ ಕೆಲಸಗಳಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯವರು ಆರೋಗ್ಯ ಸಂಶೋಧನೆಯ ಮೂಲ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕಲಿಸುತ್ತಾರೆ. ಅದನ್ನು ರಜೆಯಲ್ಲಿ ಮುಗಿಸಬಹುದು. ಕಾಲೇಜಿನಲ್ಲಿ ಪ್ರಬಂಧ ಪ್ರಕಟಿಸಿದ ಅಧ್ಯಾಪಕರು ಯಾರೆಂದು ವಿಚಾರಿಸಿ ಅವರನ್ನು ಕಾಣಬೇಕು. ನೈತಿಕ ಸಮಿತಿ ವರ್ಷದಲ್ಲಿ ಎಷ್ಟು ಸಲ, ಯಾವ ತಿಂಗಳು ಸೇರುತ್ತದೆಂದು ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು. ತಂದೆಯ ಖಾತೆ ಕೊಟ್ಟರೆ ಹಣ ಬರುವಾಗ ತೊಡಕಾಗುತ್ತದೆ. ಹೊರರೋಗಿ ವಿಭಾಗದಲ್ಲಿ ಕೂರುವಾಗ ಜೇಬಿನಲ್ಲೊಂದು ಸಣ್ಣ ಪುಸ್ತಕವಿರಲಿ. ರೋಗಿಗಳು ಮತ್ತೆ ಮತ್ತೆ ಹೇಳುವ, ಆದರೆ ಪಠ್ಯದಲ್ಲಿ ಉತ್ತರವಿಲ್ಲದ ಸಂಗತಿಗಳನ್ನು ಅದರಲ್ಲಿ ದಿನಾಂಕ ಸಹಿತ ಬರೆದಿಡಿ.