ವೀಸಾದಲ್ಲಿ ಸೇರದ ಅತ್ತೆ ರಜೆಯ ಕಾನೂನಿನಲ್ಲಿ ಸೇರುತ್ತಾರೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್‌ನ ಕನ್ನಡ ಮನೆಗಳು ಕುಟುಂಬದ ಕಾನೂನು ಅರ್ಥವನ್ನು ಮೊದಲು ಕಲಿಯುವುದು ವೀಸಾ ಅರ್ಜಿಯಿಂದ. ಎಚ್-1ಬಿ ನೌಕರರ ಜೊತೆ ಎಚ್-4 ಮೇಲೆ ಬರಬಲ್ಲವರು ಗಂಡ ಅಥವಾ ಹೆಂಡತಿ ಮತ್ತು 21 ತುಂಬದ, ಮದುವೆಯಾಗದ ಮಕ್ಕಳು ಮಾತ್ರ. ಅಪ್ಪ ಅಮ್ಮ, ಅತ್ತೆ ಮಾವ ಸಾಮಾನ್ಯವಾಗಿ ಆರು ತಿಂಗಳಿಗೆ ಬಂದುಹೋಗುವ ಸಂದರ್ಶಕರು. ಈ ಪಟ್ಟಿಯೇ ಮನಸ್ಸಿನಲ್ಲಿ ಕೂತು, ಮಾವನಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದಾಗಲೂ ಕೂಡಿಟ್ಟ ವಾರ್ಷಿಕ ರಜೆಯನ್ನೇ ಕರಗಿಸುವವರಿದ್ದಾರೆ. ಹಾಗೆ ಮಾಡಬೇಕಿಲ್ಲ. ವಲಸೆ ಕಾನೂನು ಹೇಳುವ ಕುಟುಂಬ ಬೇರೆ, ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನು ಹೇಳುವ ಕುಟುಂಬ ಬೇರೆ. ಎರಡನೆಯದೇ ನಮ್ಮ ಮನೆಗಳಿಗೆ ಹತ್ತಿರದ್ದು.

ಅಮೆರಿಕದ ಕೇಂದ್ರ ಸರ್ಕಾರದ 1993ರ ರಜೆ ಕಾನೂನು ಆರೈಕೆಗೆ ಒಪ್ಪುವುದು ಸಂಗಾತಿ, ಮಕ್ಕಳು, ತಂದೆತಾಯಿಯನ್ನು ಮಾತ್ರ. ಅತ್ತೆ ಮಾವ ಅದರಲ್ಲಿಲ್ಲ. ಕ್ಯಾಲಿಫೋರ್ನಿಯಾದ ಕುಟುಂಬ ಹಕ್ಕುಗಳ ಕಾಯ್ದೆ 2021ರಿಂದ ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರನ್ನೂ, 2022ರಿಂದ ಅತ್ತೆ ಮಾವನನ್ನೂ ಸೇರಿಸಿಕೊಂಡಿತು. 2023ರಿಂದ ರಕ್ತಸಂಬಂಧಿ ಅಥವಾ ಅಂಥದೇ ನಂಟಿನ ಒಬ್ಬರನ್ನು ನೌಕರರೇ ಹೆಸರಿಸಬಹುದು. ಸಾಕಿದ ಚಿಕ್ಕಮ್ಮನಿಗೂ ಇಲ್ಲಿ ಜಾಗವಿದೆ. ಐದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ 12 ತಿಂಗಳ ಸೇವೆ, ಹಿಂದಿನ ವರ್ಷದಲ್ಲಿ 1,250 ಗಂಟೆ ಕೆಲಸ ಆಗಿದ್ದರೆ 12 ವಾರಗಳ ರಜೆ ಹಕ್ಕು. ಇದು ಕೆಲಸವನ್ನು ಕಾಯುತ್ತದೆ, ಸಂಬಳ ಕೊಡುವುದಿಲ್ಲ. ದುಡ್ಡು ಬರುವುದು ರಾಜ್ಯದ ಪೇಯ್ಡ್ ಫ್ಯಾಮಿಲಿ ಲೀವ್‌ನಿಂದ: ಗರಿಷ್ಠ 8 ವಾರ, ಸಂಬಳದ ಒಂದು ಭಾಗ. ಅತ್ತೆ ಮಾವ, ಅಜ್ಜ ಅಜ್ಜಿ ಅದರಲ್ಲೂ ಇದ್ದಾರೆ. ಹೆಸರಿಸಿದ ಚಿಕ್ಕಮ್ಮ ಸದ್ಯಕ್ಕೆ ಇಲ್ಲ. ಈ ಕೊರತೆ ನನಗೆ ಅನ್ಯಾಯವೆನಿಸುತ್ತದೆ.

ಯಾರನ್ನಾದರೂ ಹೆಸರಿಸಲು ಬಿಟ್ಟರೆ ದುರುಪಯೋಗವಾಗದೇ ಎಂಬ ಆಕ್ಷೇಪವಿದೆ. ಹಾಗೆ ಹೆಸರಿಸುವುದನ್ನು 12 ತಿಂಗಳಿಗೆ ಒಬ್ಬರಿಗೇ ಸೀಮಿತಗೊಳಿಸಲು ಮಾಲೀಕರಿಗೆ ಅವಕಾಶವಿದೆ. ವೈದ್ಯರ ಪ್ರಮಾಣಪತ್ರವನ್ನೂ ಅವರು ಕೇಳಬಹುದು. ಇಂಥ ವಿಸ್ತಾರ ಅಮೆರಿಕದ ಪದ್ಧತಿಯಲ್ಲ ಎನ್ನುವವರು 1977ರ ಮೂರ್ ಮೊಕದ್ದಮೆಯನ್ನು ನೋಡಬೇಕು. ಇಬ್ಬರು ಮೊಮ್ಮಕ್ಕಳು ಒಡಹುಟ್ಟಿದವರಲ್ಲ ಎಂಬ ಕಾರಣಕ್ಕೆ ಅಜ್ಜಿಯೊಬ್ಬರನ್ನು ಶಿಕ್ಷಿಸಿದ್ದ ಈಸ್ಟ್ ಕ್ಲೀವ್‌ಲ್ಯಾಂಡ್ ನಗರದ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ವೀಸಾದ ಮೇಲಿರುವವರಿಗೆ ಇದೆಲ್ಲ ಅನ್ವಯಿಸದು ಎಂಬ ಭಯಕ್ಕೂ ಆಧಾರವಿಲ್ಲ; ಈ ಎರಡು ಹಕ್ಕುಗಳಿಗೆ ಪೌರತ್ವ ಬೇಕಿಲ್ಲ. ಕಾಯಿಲೆಯವರು ದಾವಣಗೆರೆಯಲ್ಲಿದ್ದರೂ ರಜೆ ಕೇಳಬಹುದು. ಹೊರಡುವ ಮುನ್ನ ಪಾಸ್‌ಪೋರ್ಟಿನ ವೀಸಾ ಅವಧಿ ನೋಡಿಕೊಳ್ಳಿ.

ಮೊದಲೇ ತಿಳಿದಿರುವ ಶಸ್ತ್ರಚಿಕಿತ್ಸೆಯಾದರೆ 30 ದಿನ ಮುಂಚೆ ಎಚ್‌ಆರ್‌ಗೆ ಬರಹದಲ್ಲೇ ತಿಳಿಸಿ. ದುಡ್ಡಿನ ಅರ್ಜಿಯನ್ನು ರಜೆ ಶುರುವಾದ 41 ದಿನದೊಳಗೆ ರಾಜ್ಯದ ಉದ್ಯೋಗ ಅಭಿವೃದ್ಧಿ ಇಲಾಖೆಗೆ (ಇಡಿಡಿ) ಸಲ್ಲಿಸಿ. ರಜೆ ನಿರಾಕರಿಸಿದರೆ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಡಲು ಮೂರು ವರ್ಷ ಅವಕಾಶವಿದೆ.