ಶಸ್ತ್ರಕ್ರಿಯೆಯಲ್ಲಿ ಯಂತ್ರದ ಉಸಿರು

ಶಸ್ತ್ರಕ್ರಿಯೆಗೆ ಸಿದ್ಧನಾದ ರೋಗಿಯೂ ಅವನ ಬಂಧುಬಳಗವೂ ಶಸ್ತ್ರವೈದ್ಯರ ಕೈಗುಣದ ಬಗೆಗೆ ನೂರು ಮಾತು ವಿಚಾರಿಸುತ್ತಾರೆ. ಆ ಎರಡು ಮೂರು ತಾಸು ರೋಗಿಯ ಉಸಿರಾಟವನ್ನು ಯಾರು, ಹೇಗೆ ನಡೆಸುವರೆಂಬ ಪ್ರಶ್ನೆ ಅವರಿಗೆ ಹೊಳೆಯುವುದು ಅಪರೂಪ. ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಡುವುದರಿಂದ ರೋಗಿಯು ತಾನಾಗಿ ಉಸಿರಾಡಲಾರನು. ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ಮೂಲಕ ವೆಂಟಿಲೇಟರ್ ಎಂಬ ಯಂತ್ರವು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಅದು ಪ್ರಾಣವನ್ನು ಉಳಿಸುತ್ತದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಳತೆ ತಪ್ಪಿದರೆ ಅದೇ ಉಸಿರು ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲುದು. ಆ ಅಳತೆ ಎಷ್ಟಿರಬೇಕೆಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಕಳೆದ ಅರವತ್ತು ವರ್ಷಗಳಲ್ಲಿ ಎರಡು ಸಲ ತನ್ನ ಉತ್ತರವನ್ನು ಬದಲಿಸಿಕೊಂಡಿದೆ.

ಮೊದಲು ಸಹಜವಾದ ಉಸಿರಾಟವನ್ನು ನೋಡೋಣ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತಿರುವ ವಪೆಯೆಂಬ ಸ್ನಾಯು ಕೆಳಗಿಳಿದಾಗ ಎದೆಗೂಡು ಹಿಗ್ಗುತ್ತದೆ. ಒಳಗಿನ ಒತ್ತಡವು ಹೊರಗಿನದಕ್ಕಿಂತ ತುಸು ಕಡಿಮೆಯಾಗುತ್ತದೆ. ಗಾಳಿಯು ತಾನಾಗಿ ಒಳಗೆ ಹರಿದು ಬರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನು ಪ್ರತಿ ಸಲ ಸುಮಾರು 500 ಮಿಲಿಲೀಟರ್ ಗಾಳಿಯನ್ನು ನಿಮಿಷಕ್ಕೆ 12 ರಿಂದ 16 ಬಾರಿ ಎಳೆದುಕೊಳ್ಳುತ್ತಾನೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶವು ಬರಿದಾಗುವುದಿಲ್ಲ. ಎರಡರಿಂದ ಮೂರು ಲೀಟರ್ ಗಾಳಿಯು ಒಳಗೇ ಉಳಿದು, ಮೂವತ್ತು ಕೋಟಿಗೂ ಮಿಕ್ಕ ಸೂಕ್ಷ್ಮವಾದ ಗಾಳಿಗೂಡುಗಳನ್ನು ತೆರೆದಿಟ್ಟಿರುತ್ತದೆ. ಈ ಉಳಿಕೆಯ ಗಾಳಿಯನ್ನು ವ್ಯಾಪಾರಿಯ ಮೂಲಧನಕ್ಕೆ ಹೋಲಿಸಬಹುದು. ದಿನದ ವಹಿವಾಟು ಅದರ ಆಧಾರದ ಮೇಲೆ ನಡೆಯುತ್ತದೆ.

ಯಂತ್ರದ ರೀತಿ ಇದಕ್ಕೆ ತದ್ವಿರುದ್ಧವಾದುದು. ಅದು ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿದಾಗ, ಅರಿವಳಿಕೆ ತಜ್ಞರಾದ ಬ್ಯೋರ್ನ್ ಇಬ್ಸನ್ ಅವರು ಶಸ್ತ್ರಕ್ರಿಯೆಯ ಕೋಣೆಯಲ್ಲಿ ರೂಢಿಯಲ್ಲಿದ್ದ ಈ ಒತ್ತುವ ವಿಧಾನವನ್ನು ವಾರ್ಡಿಗೆ ತಂದರು. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ರಬ್ಬರಿನ ಚೀಲವನ್ನು ಹಿಚುಕುತ್ತ ರೋಗಿಗಳಿಗೆ ಹಗಲಿರುಳು ಉಸಿರು ಕೊಟ್ಟರು. ಇಂದಿನ ವೆಂಟಿಲೇಟರು ಆ ಕೈಗಳ ಉತ್ತರಾಧಿಕಾರಿ ಎಂದರೆ ಸಲ್ಲುತ್ತದೆ.

ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಏನಾಗುತ್ತದೆ? ಮಲಗಿದೊಡನೆಯೇ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಉಳಿಕೆಯ ಗಾಳಿಯು ಕಡಿಮೆಯಾಗುತ್ತದೆ. ಔಷಧದಿಂದ ಸ್ನಾಯುಗಳು ಬಿಗಿ ಕಳೆದುಕೊಂಡಾಗ ಇನ್ನೂ ಅರ್ಧ ಲೀಟರಿನಷ್ಟು ಕುಸಿಯುತ್ತದೆ. ಆಗ ಬೆನ್ನಿನ ಕಡೆಯ ಗಾಳಿಗೂಡುಗಳು ಒದ್ದೆ ಬಟ್ಟೆಯ ಮಡಿಕೆಗಳಂತೆ ಒಂದಕ್ಕೊಂದು ಅಂಟಿಕೊಂಡು ಮುಚ್ಚಿಹೋಗುತ್ತವೆ. ಸ್ವೀಡನ್ನಿನ ಹೆಡೆನ್‌ಸ್ಟಿಯೆರ್ನಾ ಮತ್ತು ಅವರ ಸಂಗಡಿಗರು 1985ರಲ್ಲಿ ಸಿ.ಟಿ. ಚಿತ್ರಗಳ ಮೂಲಕ ಈ ಮುಚ್ಚಿದ ಭಾಗಗಳನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಪೂರ್ಣ ಅರಿವಳಿಕೆ ಪಡೆದ ಹತ್ತು ಜನರಲ್ಲಿ ಒಂಬತ್ತು ಜನರಿಗೆ, ಅದೂ ಕೆಲವೇ ನಿಮಿಷಗಳಲ್ಲಿ, ಹೀಗಾಗುತ್ತದೆಂದು ತಿಳಿದುಬಂದಿದೆ. ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ. ಭೂಮಿಯ ಸೆಳೆತದಿಂದಾಗಿ ರಕ್ತವು ಬೆನ್ನಿನ ಕಡೆಗೇ ಹೆಚ್ಚಾಗಿ ಹರಿಯುತ್ತದೆ. ಯಂತ್ರವು ಒತ್ತಿದ ಗಾಳಿಯಾದರೋ ಅಡ್ಡಿ ಕಡಿಮೆಯಿರುವ ಎದೆಯ ಮುಂಭಾಗಕ್ಕೆ ನುಗ್ಗುತ್ತದೆ. ರಕ್ತ ಹೋದಲ್ಲಿ ಗಾಳಿಯಿಲ್ಲ, ಗಾಳಿ ಹೋದಲ್ಲಿ ರಕ್ತ ಸಾಲದು. ರಕ್ತದ ಆಮ್ಲಜನಕವು ಇಳಿಯಲು ಇದು ಮುಖ್ಯ ಕಾರಣ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಆಮ್ಲಜನಕ ಹೆಚ್ಚಿದಷ್ಟೂ ಒಳ್ಳೆಯದೆಂದು ನಾವು ತಿಳಿಯುತ್ತೇವೆ. ಗಾಳಿಯಲ್ಲಿರುವ ಸಾರಜನಕವನ್ನು ರಕ್ತವು ಬೇಗನೆ ಹೀರದು. ಅದು ಗಾಳಿಗೂಡಿನಲ್ಲಿ ಉಳಿದು ಆಧಾರದ ಕಂಬದಂತೆ ನಿಲ್ಲುತ್ತದೆ. ಶುದ್ಧ ಆಮ್ಲಜನಕವನ್ನು ಮಾತ್ರ ತುಂಬಿದರೆ, ದಾರಿ ಮುಚ್ಚಿದ ಗೂಡಿನೊಳಗಿನ ಆಮ್ಲಜನಕವನ್ನೆಲ್ಲ ರಕ್ತವು ಹೀರಿಕೊಂಡು ಗೂಡು ಕುಸಿಯುತ್ತದೆ. ಆದರೂ ಕೊಳವೆ ಇಳಿಸುವ ಮುನ್ನ ವೈದ್ಯರು ಅದನ್ನೇ ಕೊಡುತ್ತಾರೆ. ಕೊಳವೆ ಕೂಡಲೇ ಇಳಿಯದಿದ್ದರೆ ಆ ಕೆಲವು ನಿಮಿಷಗಳ ಸಂಗ್ರಹವೇ ಜೀವವನ್ನು ಕಾಯುತ್ತದೆ. ಅನಂತರ ಪ್ರಮಾಣವನ್ನು ಇಳಿಸುವುದು ರೂಢಿ.

ಇನ್ನು ಅಳತೆಯ ಕಥೆ. 1963ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬೆಂಡಿಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಸಂಗತಿಯನ್ನು ಗಮನಿಸಿದರು. ಒಂದೇ ತೆರನಾದ ಸಣ್ಣ ಉಸಿರುಗಳನ್ನು ಯಂತ್ರದಿಂದ ಕೊಡುತ್ತ ಹೋದರೆ ರಕ್ತದ ಆಮ್ಲಜನಕವು ಕ್ರಮೇಣ ಇಳಿಯುತ್ತದೆ. ನಡುವೆ ಕೆಲವು ದೀರ್ಘ ಉಸಿರುಗಳನ್ನು ಕೊಟ್ಟರೆ ಮತ್ತೆ ಏರುತ್ತದೆ. ನಾವು ಅರಿವಿಲ್ಲದೆಯೇ ತಾಸಿಗೆ ಹಲವು ಬಾರಿ ನಿಟ್ಟುಸಿರು ಬಿಡುತ್ತೇವಷ್ಟೆ. ಅದು ದುಃಖದ ಗುರುತೆಂದು ಕವಿಗಳು ಹೇಳಿದರೂ ಶ್ವಾಸಕೋಶಕ್ಕೆ ಅದು ಮುಚ್ಚಿದ ಗೂಡುಗಳನ್ನು ತೆರೆಯುವ ಉಪಾಯ. ಯಂತ್ರಕ್ಕೆ ನಿಟ್ಟುಸಿರಿಲ್ಲ. ಈ ಶೋಧದ ಬಳಿಕ ವೈದ್ಯರು ಪ್ರತಿ ಉಸಿರನ್ನೂ ದೊಡ್ಡದಾಗಿಸಿದರು. ದೇಹದ ಒಂದು ಕಿಲೋಗ್ರಾಂ ತೂಕಕ್ಕೆ 10 ರಿಂದ 15 ಮಿಲಿಲೀಟರ್ ಎಂಬುದು ಬಹುಕಾಲ ಪಾಠವಾಗಿ ನಿಂತಿತು.

ದೊಡ್ಡ ಉಸಿರಿನ ದೋಷವು ಪ್ರಾಣಿಗಳ ಪ್ರಯೋಗದಲ್ಲಿ ಹೊರಬಿದ್ದಿತು. ಉಸಿರಿನ ಒತ್ತಡವನ್ನು ಅದು ಎತ್ತಿಹಿಡಿಯಬಲ್ಲ ನೀರಿನ ಕಂಬದ ಎತ್ತರದಿಂದ ಅಳೆಯುವುದು ಪದ್ಧತಿ. 1974ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬ ವಿಜ್ಞಾನಿಗಳು ಇಲಿಗಳಿಗೆ 45 ಸೆಂಟಿಮೀಟರ್ ಒತ್ತಡದ ಉಸಿರು ಕೊಟ್ಟಾಗ ಅವುಗಳ ಶ್ವಾಸಕೋಶಗಳಲ್ಲಿ ನೀರು ತುಂಬಿತು. ಅಷ್ಟೇ ಒತ್ತಡವಿದ್ದರೂ, ಉಸಿರು ಬಿಟ್ಟ ಮೇಲೆ ಒಳಗೆ 10 ಸೆಂಟಿಮೀಟರ್ ಒತ್ತಡವನ್ನು ಉಳಿಸಿಕೊಂಡ ಇಲಿಗಳಿಗೆ ಹಾನಿಯು ಬಹಳ ಕಡಿಮೆಯಾಯಿತು. ಗೂಡುಗಳು ಅತಿಯಾಗಿ ಹಿಗ್ಗುವುದೂ, ಪ್ರತಿ ಉಸಿರಿಗೂ ಮುಚ್ಚಿ ತೆರೆಯುವುದೂ ಹಾನಿಕರವೆಂದು ಇದರಿಂದ ಸ್ಪಷ್ಟವಾಯಿತು. ಆದರೆ ರೋಗಿಗಳ ವಿಷಯದಲ್ಲಿ ಖಚಿತವಾದ ಸಾಕ್ಷ್ಯ ದೊರೆಯಲು ಇನ್ನೂ ಕಾಲು ಶತಮಾನ ಬೇಕಾಯಿತು. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಶ್ವಾಸಕೋಶವು ತೀವ್ರವಾಗಿ ಕೆಟ್ಟಿದ್ದ 861 ರೋಗಿಗಳ ಪೈಕಿ ಕಿಲೋಗ್ರಾಮಿಗೆ 12 ಮಿಲಿಲೀಟರ್ ಪಡೆದವರಲ್ಲಿ ಶೇಕಡಾ 39.8 ಜನ ಮಡಿದರೆ, 6 ಮಿಲಿಲೀಟರ್ ಪಡೆದವರಲ್ಲಿ ಶೇಕಡಾ 31 ಜನ ಮಡಿದರು.

ಅವರು ಮೊದಲೇ ರೋಗಪೀಡಿತರು. ಆರೋಗ್ಯವಂತ ಶ್ವಾಸಕೋಶದೊಡನೆ ಶಸ್ತ್ರಕ್ರಿಯೆಗೆ ಬಂದವರ ಗತಿಯೇನು? ಇದಕ್ಕೆ ಫ್ರಾನ್ಸಿನ 2013ರ ಅಧ್ಯಯನವು ಉತ್ತರವಿತ್ತಿತು. ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಯಾದ 400 ಜನರಲ್ಲಿ ಅರ್ಧದಷ್ಟು ಜನರಿಗೆ ಹಳೆಯ ರೀತಿಯಲ್ಲಿ ದೊಡ್ಡ ಉಸಿರನ್ನೂ, ಉಳಿದವರಿಗೆ 6 ರಿಂದ 8 ಮಿಲಿಲೀಟರಿನ ಸಣ್ಣ ಉಸಿರು, 6 ರಿಂದ 8 ಸೆಂಟಿಮೀಟರಿನ ಉಳಿಕೆಯ ಒತ್ತಡ, ಅರ್ಧ ತಾಸಿಗೊಮ್ಮೆ ಯಂತ್ರದ ನಿಟ್ಟುಸಿರು ಇವುಗಳನ್ನೂ ಕೊಟ್ಟರು. ಒಂದು ವಾರದೊಳಗೆ ಗಂಭೀರ ತೊಡಕುಗಳು ಮೊದಲ ಗುಂಪಿನ ಶೇಕಡಾ 27.5 ಜನರಿಗೆ, ಎರಡನೆಯ ಗುಂಪಿನ ಶೇಕಡಾ 10.5 ಜನರಿಗೆ ಬಂದವು.

ಹಾಗಾದರೆ ಉಳಿಕೆಯ ಒತ್ತಡವನ್ನು ಇನ್ನೂ ಏರಿಸಬಹುದಲ್ಲವೆ ಎಂದು ಕೆಲವರು ತರ್ಕಿಸಿದರು. 2014ರಲ್ಲಿ ಪ್ರಕಟವಾದ 900 ರೋಗಿಗಳ ಅಧ್ಯಯನದಲ್ಲಿ 12 ಸೆಂಟಿಮೀಟರಿನ ಒತ್ತಡದಿಂದ ಶ್ವಾಸಕೋಶದ ತೊಡಕುಗಳು ಕಡಿಮೆಯಾಗಲಿಲ್ಲ. ಬದಲಾಗಿ ರಕ್ತದ ಒತ್ತಡವು ಕುಸಿಯುವ ಸಂಭವ ಹೆಚ್ಚಿತು. ಎದೆಯೊಳಗಿನ ಒತ್ತಡ ಏರಿದರೆ ಹೃದಯಕ್ಕೆ ಮರಳುವ ರಕ್ತವು ತಡೆಯಲ್ಪಡುವುದೇ ಇದರ ಕಾರಣ. 2020ರಲ್ಲಿ ಮೆಲ್ಬೋರ್ನಿನ ವೈದ್ಯರು 1236 ರೋಗಿಗಳಿಗೆ ಸಮಾನವಾಗಿ 5 ಸೆಂಟಿಮೀಟರಿನ ಉಳಿಕೆಯ ಒತ್ತಡವನ್ನಿಟ್ಟು 6 ಮತ್ತು 10 ಮಿಲಿಲೀಟರಿನ ಉಸಿರುಗಳನ್ನು ಹೋಲಿಸಿದಾಗ ಗಣನೀಯವಾದ ಅಂತರ ಕಾಣಲಿಲ್ಲ. ನನಗೆ ತೋರುವ ಮಟ್ಟಿಗೆ, ದೊಡ್ಡ ಉಸಿರಿನೊಡನೆ ಉಳಿಕೆಯ ಒತ್ತಡವೇ ಇಲ್ಲದಿರುವುದು ಹಳೆಯ ವಿಧಾನದ ನಿಜವಾದ ಕೇಡಾಗಿತ್ತು. ಯಂತ್ರವನ್ನು ಗಾತ್ರಕ್ಕೆ ಹೊಂದಿಸಬೇಕೋ ಒತ್ತಡಕ್ಕೆ ಹೊಂದಿಸಬೇಕೋ ಎಂಬ ಚರ್ಚೆ ಅದಕ್ಕಿಂತ ಕಿರಿದಾದುದು.

ಗಣಿತದ ಗುರುಗಳಿಗೆ ರುಚಿಸುವ ಮಾತೊಂದುಂಟು. ಮನುಷ್ಯನು ದಪ್ಪನಾದ ಮಾತ್ರಕ್ಕೆ ಅವನ ಶ್ವಾಸಕೋಶವು ಬೆಳೆಯದು. ಅದರ ಗಾತ್ರವು ಎತ್ತರವನ್ನು ಅನುಸರಿಸುತ್ತದೆ. ಆದ್ದರಿಂದ ಉಸಿರಿನ ಲೆಕ್ಕಕ್ಕೆ ತಕ್ಕಡಿಯ ತೂಕವನ್ನು ಬಿಟ್ಟು ಎತ್ತರದಿಂದ ಬರುವ ತೂಕವನ್ನು ಹಿಡಿಯುತ್ತಾರೆ. ಸ್ತ್ರೀಯರಲ್ಲಿ 152.4 ಸೆಂಟಿಮೀಟರ್ ಎತ್ತರಕ್ಕೆ 45.5 ಕಿಲೋಗ್ರಾಂ, ಪುರುಷರಲ್ಲಿ 50 ಕಿಲೋಗ್ರಾಂ. ಅದರ ಮೇಲೆ ಪ್ರತಿ ಸೆಂಟಿಮೀಟರಿಗೆ 0.91 ಕೂಡಿಸಬೇಕು. 160 ಸೆಂಟಿಮೀಟರ್ ಎತ್ತರದ, 80 ಕಿಲೋಗ್ರಾಂ ತೂಕದ ಮಹಿಳೆಯೊಬ್ಬಳನ್ನು ತೆಗೆದುಕೊಳ್ಳೋಣ. ಎತ್ತರದ ಪ್ರಕಾರ ಅವಳ ತೂಕ ಸುಮಾರು 52. 8 ಮಿಲಿಲೀಟರಿನಂತೆ ಉಸಿರು ಸುಮಾರು 420 ಮಿಲಿಲೀಟರ್. ಹಳೆಯ ಪಾಠದಂತೆ ತಕ್ಕಡಿಯ ತೂಕಕ್ಕೆ 10 ಹಾಕಿದರೆ 800! ಅವಳ ಪುಟ್ಟ ಶ್ವಾಸಕೋಶವು ಹೆಚ್ಚುಕಡಿಮೆ ಇಮ್ಮಡಿ ಗಾಳಿಯನ್ನು ತಾಳಬೇಕಾಗುತ್ತಿತ್ತು.

ಯಂತ್ರವನ್ನು ತೆಗೆದೊಡನೆ ಎಲ್ಲವೂ ಮೊದಲಿನಂತಾಗುವುದಿಲ್ಲ. ದೊಡ್ಡ ಶಸ್ತ್ರಕ್ರಿಯೆಯ ಬಳಿಕ ಕುಸಿದ ಭಾಗಗಳು ಕೆಲವು ದಿನ ಹಾಗೆಯೇ ಉಳಿಯಬಹುದು. ಗಾಯದ ನೋವಿನಿಂದ ರೋಗಿಯು ಕೆಮ್ಮಲು ಹೆದರುತ್ತಾನೆ. ಕಫ ನಿಂತು ನ್ಯೂಮೋನಿಯಾ ಬರುತ್ತದೆ. ಧೂಮಪಾನಿಗಳು ನಾಲ್ಕು ವಾರ ಮೊದಲೇ ಅದನ್ನು ಬಿಡುವುದರಿಂದ ಅಪಾಯ ತಗ್ಗುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲುಹೊಟ್ಟೆಯ ಶಸ್ತ್ರಕ್ರಿಯೆಗೆ ಮುನ್ನ ರೋಗಿಗಳಿಗೆ ಕೇವಲ ಅರ್ಧ ತಾಸಿನ ಪಾಠ ಮಾಡಿದರು. ಉಸಿರಾಟದ ತೊಡಕು ಏಕೆ ಬರುತ್ತದೆ, ಎಚ್ಚರವಾದ ಕೂಡಲೇ ದೀರ್ಘವಾಗಿ ಉಸಿರೆಳೆದು ಕೆಮ್ಮುವುದು ಹೇಗೆ ಎಂಬುದಷ್ಟೇ ಆ ಪಾಠದ ವಿಷಯ. ಕೈಪಿಡಿಯನ್ನು ಮಾತ್ರ ಪಡೆದವರಲ್ಲಿ ಶೇಕಡಾ 27 ಜನರಿಗೆ ಶ್ವಾಸಕೋಶದ ತೊಡಕು ಬಂದಿತು. ಅದರ ಜೊತೆಗೆ ಪಾಠವನ್ನೂ ಕೇಳಿದವರಲ್ಲಿ ಶೇಕಡಾ 12 ಜನರಿಗೆ.