ಮುಂದಿನ ಗೇರ್ ಏಕೆ ಬೀಳುತ್ತಿಲ್ಲ?

ಮಕ್ಕಳೇ, ನಿಮ್ಮ ಊರಿನಲ್ಲಿ ಎರಡು ಬಗೆಯ ಸೈಕಲ್‌ಗಳನ್ನು ನೋಡಿರುತ್ತೀರಿ. ಒಂದರಲ್ಲಿ ಪೆಡಲ್ ಬಳಿ ಒಂದೇ ಹಲ್ಲುಚಕ್ರ, ಹಿಂದೆಯೂ ಒಂದೇ. 2006–07ರಲ್ಲಿ ಆರಂಭವಾದ ಯೋಜನೆಯಡಿ 8ನೇ ತರಗತಿಯವರಿಗೆ ಸರ್ಕಾರ ಹಂಚಿದ ಸೈಕಲ್‌ಗಳು ಈ ಬಗೆಯವು. ಇನ್ನೊಂದು ಗೇರ್ ಸೈಕಲ್. ಅಣ್ಣನೋ ಅಕ್ಕನೋ ಓಡಿಸಿದ ಹಳೆಯ ಗೇರ್ ಸೈಕಲ್ ನಿಮ್ಮ ಪಾಲಿಗೆ ಬಂದಿರಬಹುದು. ಅದರ ಮುಂದಿನ ಗೇರ್ ಬೀಳುತ್ತಿಲ್ಲವೇ? ಸೈಕಲ್ಲನ್ನು ಮೂಲೆಗೆ ನಿಲ್ಲಿಸುವ ಮೊದಲು ಕಾರಣ ಹುಡುಕೋಣ ಬನ್ನಿ.

ಗೇರ್‌ನಿಂದ ಏನು ಲಾಭ?

ಮುಂದೆ 42 ಹಲ್ಲು, ಹಿಂದೆ 14 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ 42 ÷ 14 = 3 ಸುತ್ತು ತಿರುಗುತ್ತದೆ. 26 ಇಂಚಿನ ಗಾಲಿಯಾದರೆ ಸೈಕಲ್ ಸುಮಾರು 6 ಮೀಟರ್ ಸಾಗುತ್ತದೆ. ಮುಂದೆ 24, ಹಿಂದೆಯೂ 24 ಹಲ್ಲು ಇದ್ದರೆ ಒಂದೇ ಸುತ್ತು, ಸುಮಾರು 2 ಮೀಟರ್. ದೂರ ಕಡಿಮೆಯಾಯಿತು. ಆದರೆ ತುಳಿಯಲು ಬೇಕಾದ ಬಲವೂ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು! ಚಿತ್ರದುರ್ಗದಿಂದ ಜೋಗಿಮಟ್ಟಿಯ ಏರು ಹತ್ತುವಾಗ, ಹೊಸದುರ್ಗದ ಬಯಲಿನಲ್ಲಿ ಎದುರುಗಾಳಿಗೆ ತುಳಿಯುವಾಗ ಮುಂದಿನ ಚಿಕ್ಕ ಚಕ್ರವೇ ನಮ್ಮ ಗೆಳೆಯ.

ಚೈನ್ ಹೇಗೆ ಜಿಗಿಯುತ್ತದೆ?

ಮುಂದಿನ ಚಕ್ರಗಳ ಮೇಲೆ, ಚೈನ್‌ನ ಎರಡೂ ಬದಿಗೆ ತಗಡಿನ ಪುಟ್ಟ ಪಂಜರವಿದೆ. ಇದು ಡಿರೇಲರ್‌ನ ಭಾಗ. ಸಾಮಾನ್ಯವಾಗಿ ಎಡಗೈ ಕಡೆಯ ಗೇರ್ ಲಿವರ್ ವೈರನ್ನು ಎಳೆದಾಗ ಪಂಜರ ಹೊರಕ್ಕೆ ಸರಿದು ಚೈನನ್ನು ದೊಡ್ಡ ಚಕ್ರಕ್ಕೆ ತಳ್ಳುತ್ತದೆ. ವೈರ್ ಬಿಟ್ಟಾಗ ಸ್ಪ್ರಿಂಗ್ ಅದನ್ನು ಒಳಕ್ಕೆ ಎಳೆಯುತ್ತದೆ. ಅಂದರೆ ಏರಿಸುವುದು ವೈರ್, ಇಳಿಸುವುದು ಸ್ಪ್ರಿಂಗ್.

ಮಾಡಿ ನೋಡಿ

ಈ ಪ್ರಯೋಗವನ್ನು ಹಿರಿಯರ ಜೊತೆ ಮಾಡಿ. ಲಿವರನ್ನು ಚಿಕ್ಕ ಚಕ್ರದ ಸ್ಥಾನಕ್ಕೆ ತನ್ನಿ. ಒಬ್ಬರು ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿದು ಪೆಡಲನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸಲಿ. ನೀವು ಫ್ರೇಮ್‌ನ ಕೊಳವೆಯ ಮೇಲೆ ಕಾಣುವ ಬರಿಯ ಗೇರ್ ವೈರನ್ನು ಹೊರಕ್ಕೆ ಎಳೆದು, ಬಳಿಕ ಬಿಡಿ. ಏನಾಯಿತು?

1. ಚೈನ್ ಏರಿತು, ಬಿಟ್ಟಾಗ ಇಳಿಯಿತು: ಪಂಜರವೂ ಸ್ಪ್ರಿಂಗೂ ಚೆನ್ನಾಗಿವೆ. ವೈರ್ ಸಡಿಲವಾಗಿದೆ, ಅದರ ಹೊರಕವಚದಲ್ಲಿ ಧೂಳು, ತುಕ್ಕು ಸೇರಿದೆ ಅಥವಾ ಲಿವರ್ ಕೆಟ್ಟಿದೆ. ವೈರ್ ಬಿಗಿಗೊಳಿಸಬೇಕು; ಎಳೆಗಳು ಹರಿದಿದ್ದರೆ ಬದಲಿಸಬೇಕು.

2. ಏರಿತು, ಆದರೆ ಇಳಿಯಲಿಲ್ಲ: ಡಿರೇಲರ್‌ನ ಕೀಲುಗಳು ಅಥವಾ ವೈರ್ ಕೊಳೆಯಿಂದ ಬಿಗಿದಿರಬಹುದು. ಹಿರಿಯೂರು, ಹೊಳಲ್ಕೆರೆ ಕಡೆಯ ಮಣ್ಣು ದಾರಿಯಲ್ಲಿ ಓಡುವ ಸೈಕಲ್‌ಗೆ ಧೂಳೇ ಶತ್ರು. ಕೀಲುಗಳನ್ನು ಬಟ್ಟೆಯಿಂದ ಒರೆಸಿ, ಎರಡು ಹನಿ ಎಣ್ಣೆ ಬಿಡಿ. ಹೆಚ್ಚು ಎಣ್ಣೆ ಬೇಡ. ಅದಕ್ಕೆ ಮತ್ತೆ ಧೂಳು ಅಂಟುತ್ತದೆ.

3. ಎಳೆದರೂ ಏರಲಿಲ್ಲ: ಪಂಜರ ಸೊಟ್ಟಗಾಗಿರಬಹುದು ಅಥವಾ ತಡೆ ಸ್ಕ್ರೂ ಅಡ್ಡವಿರಬಹುದು. ಪಂಜರದ ಹೊರತಗಡು ದೊಡ್ಡ ಚಕ್ರಕ್ಕೆ ಸಮಾಂತರವಾಗಿ, ಹಲ್ಲುಗಳಿಗಿಂತ 1ರಿಂದ 3 ಮಿಲಿಮೀಟರ್ ಮೇಲಿರಬೇಕು.

ಚೈನ್ ಹೊರಕ್ಕೋ ಒಳಕ್ಕೋ ಕಳಚಿ ಬೀಳುತ್ತಿದ್ದರೆ? ಡಿರೇಲರ್ ಮೇಲೆ ಎರಡು ತಡೆ ಸ್ಕ್ರೂಗಳಿವೆ. ಪಂಜರ ಎಲ್ಲಿಯವರೆಗೆ ಸರಿಯಬಹುದು ಎಂಬ ಗಡಿಯನ್ನು ಇವು ಹಾಕುತ್ತವೆ. ಇವನ್ನು ಸೈಕಲ್ ಶಾಪ್‌ನವರೊಡನೆ ಕುಳಿತು, ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ ಪರೀಕ್ಷಿಸಿ.

ಏರು ಬರುವ ಮೊದಲೇ ಬದಲಿಸಿ

ಹಿಂದಿನ ಡಿರೇಲರ್ ಚೈನ್‌ನ ಕೆಳಗಿನ ಸಡಿಲ ಭಾಗವನ್ನು ಸರಿಸುತ್ತದೆ. ಮುಂದಿನದು ಮೇಲಿನ ಭಾಗವನ್ನು ಸರಿಸಬೇಕು. ನಾವು ತುಳಿಯುವಾಗ ಬಿಗಿಯಾಗುವುದು ಇದೇ ಭಾಗ. ಬಿಗಿದ ಹಗ್ಗವನ್ನು ಪಕ್ಕಕ್ಕೆ ತಳ್ಳುವುದು ಕಷ್ಟವಲ್ಲವೇ? ಆದ್ದರಿಂದ ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ, ಸರಿಯಿರುವ ಸೈಕಲ್‌ನಲ್ಲೂ ಗೇರ್ ಬೀಳುವುದಿಲ್ಲ. ಏರು ಶುರುವಾಗುವ ಮೊದಲೇ, ಪೆಡಲನ್ನು ಹಗುರವಾಗಿ ತಿರುಗಿಸುತ್ತಾ ಬದಲಿಸಿ.

ಎಚ್ಚರಿಕೆ: ಚೈನ್ ತಿರುಗುವಾಗ ಬೆರಳನ್ನು ಹತ್ತಿರ ತರಬೇಡಿ. ಸವಾರಿ ಮಾಡುತ್ತಾ ಬಗ್ಗಿ ಗೇರ್ ನೋಡಬೇಡಿ. ಸೈಕಲ್ ನಿಲ್ಲಿಸಿ ನೋಡಿ.

ಯೋಚಿಸಿ

1. ನಿಮ್ಮ ಮನೆಯ ಅಥವಾ ಶಿಕ್ಷಕರ ಸೈಕಲ್‌ನ ಹಲ್ಲುಗಳನ್ನು ಎಣಿಸಿ. ಪೆಡಲ್ ಒಂದು ಸುತ್ತಿಗೆ ಗಾಲಿ ಎಷ್ಟು ಸುತ್ತು ತಿರುಗುತ್ತದೆ? ಟೈರ್‌ಗೆ ಸೀಮೆಸುಣ್ಣದ ಗುರುತು ಹಾಕಿ, ಲೆಕ್ಕ ಸರಿಯೇ ಎಂದು ಪರೀಕ್ಷಿಸಿ.

2. ಸವಾರಿಯ ನಡುವೆ ಮುಂದಿನ ಗೇರ್ ವೈರ್ ತುಂಡಾದರೆ ಚೈನ್ ಯಾವ ಚಕ್ರಕ್ಕೆ ಬರುತ್ತದೆ? ಏಕೆ?